ಲೆಕ್ಕಕ್ಕೆ ಬಹುವಚನ, ಮಾತಿಗೆ ಏಕವಚನ



ಇವತ್ತು ಸ್ವಲ್ಪ ಉದ್ದ ಬರೀತಿದೀನಿ, ಬಿಡುವು ಮಾಡ್ಕೊಂಡು ಓದಿ. ವಿಷಯ ನೋಡಿದ್ರೆ ಹೋರಾಟದ್ದು ಅಂತ ಅನ್ನಿಸೋದಿಲ್ಲ. ಪ್ರೈಮರಿ ಶಾಲೆ ಮಕ್ಕಳಿಗೆ ಏಕವಚನ, ಬಹುವಚನ ಕಲಿಸೋದು ಹೇಗೆ ಅನ್ನೋದು ಅಷ್ಟೇ. ಆದರೆ ನನ್ನ ಮಟ್ಟಿಗೆ ನಮ್ಮ ಮಕ್ಕಳು ಶಾಲೇಲಿ ಕಲಿಯೋ ಪಾಠಗಳಲ್ಲಿ ಇದಕ್ಕಿಂತ ಜಾತಿಗೆ ಹತ್ತಿರವಾದ ಪಾಠ ಇನ್ನೊಂದಿಲ್ಲ. ಅದರಲ್ಲಿ ಅರ್ಧ ಪಾಠವನ್ನ ಯಾರೂ ಕಲಿಸ್ತಾ ಇಲ್ಲ.

ಪಾಠ ಎಲ್ಲರಿಗೂ ಗೊತ್ತಿರೋದೇ. ಒಂದು ವಸ್ತು, ಒಬ್ಬ ವ್ಯಕ್ತಿಯನ್ನ ಹೇಳಿದರೆ ಏಕವಚನ. ಒಂದಕ್ಕಿಂತ ಹೆಚ್ಚಾದರೆ ಬಹುವಚನ. ಮರ – ಮರಗಳು. ಹುಡುಗ – ಹುಡುಗರು. ಅಣ್ಣ – ಅಣ್ಣಂದಿರು. ಮಗು – ಮಕ್ಕಳು. ಎಡಗಡೆ ಒಂದು ಸಾಲು, ಬಲಗಡೆ ಒಂದು ಸಾಲು, ಗೆರೆ ಎಳೆದು ಹೊಂದಿಸಿ ಬರೆಯಿರಿ. ಸಂಸ್ಕೃತದಲ್ಲಿ ದ್ವಿವಚನ ಅಂತ ಇನ್ನೊಂದಿದೆ, ನಮ್ಮ ಕನ್ನಡಕ್ಕೆ ಆ ತಾಪತ್ರಯ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಪಾಠ ಮುಗೀತು.

ಆದರೆ ಶಾಲೆ ಗೇಟು ದಾಟಿದ ಮೇಲೆ 'ಏಕವಚನ' ಅನ್ನೋ ಮಾತನ್ನ ಯಾರಾದ್ರೂ ಲೆಕ್ಕದ ಅರ್ಥದಲ್ಲಿ ಬಳಸಿದ್ದು ಕೇಳಿದೀರಾ? 'ಅವನು ನನ್ನನ್ನ ಏಕವಚನದಲ್ಲಿ ಮಾತಾಡಿಸಿದ' ಅಂದ್ರೆ ಜಗಳ ಶುರುವಾಯ್ತು ಅಂತ ಅರ್ಥ. ಶಾಸಕರು ಸದನದಲ್ಲಿ ಕಿತ್ತಾಡಿದರೆ ಮಾರನೇ ದಿನ ಪೇಪರಲ್ಲಿ 'ಏಕವಚನದಲ್ಲಿ ವಾಗ್ದಾಳಿ' ಅಂತ ಬರುತ್ತೆ. ಒಂದೇ ಪದ, ಎರಡು ಅರ್ಥ. ಮಗು ಕ್ಲಾಸಿನಲ್ಲಿ ಒಂದು ಅರ್ಥ ಕಲಿಯುತ್ತೆ, ಬೀದೀಲಿ ಇನ್ನೊಂದು. ಎರಡಕ್ಕೂ ನಡುವೆ ಗೆರೆ ಎಳೆದು ಹೊಂದಿಸೋರು ಯಾರೂ ಇಲ್ಲ.

ನಮ್ಮೂರು ಬದನಗುಪ್ಪೆ. (ಬದನವಾಳು ಅಲ್ಲ ಮಾರಾಯ್ರೇ, ಅದು ನಂಜನಗೂಡು ತಾಲ್ಲೂಕು. ಎಷ್ಟು ಸಲ ಹೇಳಿದ್ರೂ ಕಾರ್ಯಕ್ರಮದ ಬ್ಯಾನರಲ್ಲಿ ತಪ್ಪೇ ಹಾಕಿಸ್ತೀರ.) ಚಾಮರಾಜನಗರದ ಕಡೆಯ ರೈಲು ನಮ್ಮ ಸ್ಟೇಷನ್ನಿನ ಮೇಲೇ ಹೋಗುತ್ತೆ, ಪಕ್ಕದಲ್ಲೇ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ. ಭಾನುವಾರ ಆಫೀಸು ರಜಾ ಇರುತ್ತಲ್ಲ, ಆವತ್ತು ನಮ್ಮ ಬೀದಿಯ ಒಂದು ಮನೆ ಜಗಲಿ ಮೇಲೆ ಮೂರನೇ ಕ್ಲಾಸಿಂದ ಐದನೇ ಕ್ಲಾಸಿನ ಹತ್ತು ಹನ್ನೆರಡು ಐಕ್ಳನ್ನ ಕೂರಿಸ್ಕೊಂಡು ಕನ್ನಡ, ಲೆಕ್ಕ ಹೇಳ್ಕೊಡ್ತೀನಿ. ನಾನು ಮೇಷ್ಟ್ರಲ್ಲ, ಬಿ.ಎ. ಓದಿದ ಗುಮಾಸ್ತ. ವ್ಯಾಕರಣ ಅಂದ್ರೆ ನನಗೂ ಭಯವೇ ಇತ್ತು.

ಮೊದಲು ಆ 'ಐಕ್ಳು' ಬಗ್ಗೆ ಒಂದು ಮಾತು. ನಮ್ಮ ಕಡೆ ಹುಡುಗನಿಗೆ ಐದ ಅಂತೀವಿ, ಪುಸ್ತಕದಲ್ಲಿ ಬರೆದರೆ ಹೈದ. ಹೆಚ್ಚು ಜನ ಆದರೆ ಐಕ್ಳು. ಗಮನಿಸಿ, ಐದರು ಅಲ್ಲ, ಐದಗಳು ಅಲ್ಲ. ಮಗು ಅನ್ನೋದು ಮಕ್ಕಳು ಆದ ಹಾಗೆ ಐದ ಅನ್ನೋದು ಐಕ್ಳು ಆಗುತ್ತೆ. ನಾಲ್ಕು ವರ್ಷದ ಮಗು ಯಾರೂ ಕಲಿಸದೆ ಇದನ್ನ ಸರಿಯಾಗಿ ಹೇಳುತ್ತೆ. ಅಂದ್ರೆ ನಮ್ಮ ಮಗು ಶಾಲೆ ಮೆಟ್ಟಿಲು ಹತ್ತೋ ಮೊದಲೇ ಕನ್ನಡದ ಕಷ್ಟದ ಬಹುವಚನವೊಂದನ್ನ ಕಲ್ತು ಬಂದಿರುತ್ತೆ. ಅಲ್ಲಿ ಅದಕ್ಕೆ ಸಿಗೋದು 'ಐಕ್ಳು ಅನ್ಬಾರ್ದು, ಹುಡುಗರು ಅನ್ಬೇಕು' ಅನ್ನೋ ಗದರಿಕೆ. ಎರಡೂ ಬರಲಿ ಅಂತ ಯಾಕೆ ಹೇಳಬಾರದು? 'ಮನೇಲಿ ಐಕ್ಳು, ಪುಸ್ತಕದಲ್ಲಿ ಹುಡುಗರು' ಅಂತ ಬೋರ್ಡಿನ ಮೇಲೆ ಪಕ್ಕ ಪಕ್ಕ ಬರೆದರೆ ಮಗು ಎರಡನ್ನೂ ಕಲಿಯುತ್ತೆ, ಅವ್ವನ ಮಾತು ಕೀಳು ಅಂತ ಮಾತ್ರ ಕಲಿಯೋದಿಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ನಮ್ಮ ಈ ಕಡೆಯ ಮಾತಲ್ಲೇ ಬಂದ ಪುಸ್ತಕ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಮಾತಿಗೆ ಮೂರನೇ ಕ್ಲಾಸಲ್ಲಿ ಕೆಂಪು ಇಂಕು.

ಇನ್ನೊಂದು ಕೆಂಪು ಇಂಕು 'ಹತ್ತು ಕುರಿ'ಗೆ. ಒಬ್ಬ ಹುಡುಗ 'ನಮ್ಮ ಮನೆಯಲ್ಲಿ ಹತ್ತು ಕುರಿ ಇದೆ' ಅಂತ ಬರೆದಿದ್ದ. 'ಹತ್ತು ಕುರಿಗಳು ಇವೆ' ಅಂತ ತಿದ್ದಿ ನೋಟ್ಸು ವಾಪಸ್ ಬಂದಿತ್ತು. ಪುಸ್ತಕದ ಕನ್ನಡಕ್ಕೆ ತಿದ್ದಿದ್ದು ಸರಿಯೇ ಇರಬಹುದು. ಆದರೆ ಸಂತೇಲಿ ನಿಂತು ನೋಡಿ, ಯಾವ ಜಾತಿಯವರಾದ್ರೂ ಸರಿ, 'ಹತ್ತು ಕುರಿಗಳು ಎಷ್ಟಕ್ಕೆ' ಅಂತ ಕೇಳ್ತಾರಾ? ಹತ್ತು ಕುರಿ, ಎಂಟು ಬಾಳೆಗೊನೆ, ನಾಲ್ಕು ಮೂಟೆ ಅರಿಶಿನ, ನೂರು ರೂಪಾಯಿ. ಮುಂದೆ ಸಂಖ್ಯೆ ಬಂದ ಮೇಲೆ ಹಿಂದೆ 'ಗಳು' ಬೇಕಿಲ್ಲ, ಎಷ್ಟು ಅನ್ನೋದು ಆಗಲೇ ಗೊತ್ತಾಗಿರುತ್ತೆ. ಇದು ಕನ್ನಡದ ಗುಣ. ಇಂಗ್ಲಿಷಲ್ಲಿ ಹಾಗಾಗೋದಿಲ್ಲ, ಅಲ್ಲಿ ಟೆನ್ ಜೊತೆಗೂ ಹೆಚ್ಚಿನ ಪದಗಳ ಕೊನೇಲಿ ಎಸ್ ಹಾಕಲೇಬೇಕು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ಅವರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಅಂತ ಪುಸ್ತಕವನ್ನೇ ಬರೆದರು. ಬೇರೆ ಭಾಷೆಯ ಅಚ್ಚಿಗೆ ಕನ್ನಡವನ್ನ ಹುಯ್ಯಬೇಡಿ ಅನ್ನೋದು ಅವರ ವಾದ. ಅದು ಮೂರನೇ ಕ್ಲಾಸಿನ ನೋಟ್ಸಿನವರೆಗೆ ಇಳಿದು ಬರೋಕೆ ಇನ್ನೂ ಎಷ್ಟು ವರ್ಷ ಬೇಕೋ.

ಇವೆಲ್ಲ ಸಣ್ಣ ವಿಷಯ. ದೊಡ್ಡದಕ್ಕೆ ಬರ್ತೀನಿ.

ಒಂದು ಭಾನುವಾರ ನಾನು ರಟ್ಟಿನ ಕಾರ್ಡುಗಳನ್ನ ಮಾಡ್ಕೊಂಡು ಹೋಗಿದ್ದೆ. ಒಂದೊಂದು ಕಾರ್ಡಲ್ಲಿ ಒಬ್ಬೊಬ್ಬ ಮನುಷ್ಯರ ಚಿತ್ರ, ಕೆಳಗೆ ಅರ್ಧ ವಾಕ್ಯ. 'ಡಾಕ್ಟರ್ ಊರಿಗೆ ಬಂ…', 'ಪೊಲೀಸ್ ಜೀಪಿನಿಂದ ಇಳಿ…', 'ಟೀಚರ್ ಪಾಠ ಮಾಡಿ…', 'ಪೌರಕಾರ್ಮಿಕ ರಸ್ತೆ ಗುಡಿಸಿ…', 'ಅಡುಗೆ ಮಾಡುವ ಅಮ್ಮ ಅನ್ನ ಬಡಿಸಿ…', 'ಕುರಿ ಕಾಯುವ ತಾತ ಮನೆಗೆ ಹೋ…', 'ಕೂಲಿ ಮಾಡುವ ಅಕ್ಕ ಕಳೆ ಕಿ…'. ವಾಕ್ಯ ಪೂರ್ತಿ ಮಾಡಿ ಅಂದೆ. ಕ್ರಿಯಾಪದ ಕಲಿಸೋದು ನನ್ನ ಉದ್ದೇಶ, ಬೇರೇನೂ ತಲೇಲಿ ಇರಲಿಲ್ಲ.

ಕಾರ್ಡುಗಳು ವಾಪಸ್ ಬಂದವು. ಡಾಕ್ಟರ್ ಬಂದರು. ಪೊಲೀಸ್ ಇಳಿದರು. ಟೀಚರ್ ಮಾಡಿದರು. ಪೌರಕಾರ್ಮಿಕ ಗುಡಿಸಿದಳು. ಅಡುಗೆ ಅಮ್ಮ ಬಡಿಸಿದಳು. ತಾತ ಹೋದ. ಕೂಲಿ ಅಕ್ಕ ಕಿತ್ತಳು. ಒಂದೆರಡು ಕಾರ್ಡು ಬಿಟ್ಟರೆ ಎಲ್ಲವೂ ಹೀಗೇ. ಬರೆದ ಮಕ್ಕಳು ಯಾರು? ಕೂಲಿ ಮಾಡೋರ ಮಕ್ಕಳು, ಕುರಿ ಕಾಯೋರ ಮೊಮ್ಮಕ್ಕಳು. ಒಬ್ಬಳ ತಾಯಿ ಪಟ್ಟಣದಲ್ಲಿ ಕಸ ಗುಡಿಸೋ ಕೆಲಸದಲ್ಲಿದಾರೆ. 'ಯಾಕೆ ಇವರಿಗೆ ರು ಹಾಕಿದೆ, ಅವರಿಗೆ ಹಾಕಿಲ್ಲ?' ಅಂತ ಕೇಳಿದೆ. ಒಬ್ಬ ಹುಡುಗ ಕೇಳಿದವರಿಗೇ ತಲೆ ಕೆಟ್ಟಿದೆ ಅನ್ನೋ ಹಾಗೆ ನೋಡಿ, 'ಅವ್ರು ದೊಡ್ಡೋರಲ್ವಾ ಸಾ' ಅಂದ. ಇನ್ನೊಬ್ಬಳು ಮೆಲ್ಲಗೆ ಕೇಳಿದಳು, 'ನಮ್ ತಾತನ್ನ ಏಕವಚನದಲ್ಲಿ ಬೈದ್ರು ಅಂತ ಗಲಾಟೆ ಆಗಿತ್ತಲ್ಲ, ಆ ಏಕವಚನನೇನಾ ಇದು?'

ಅದೇ ಮಗಾ ಅಂದೆ.

ಯಾವ ಪುಸ್ತಕದಲ್ಲೂ ಈ ಪಟ್ಟಿ ಇಲ್ಲ. ಯಾರಿಗೆ 'ರು' ಹಾಕಬೇಕು, ಯಾರಿಗೆ ಹಾಕಬಾರದು ಅಂತ ಯಾವ ಮೇಷ್ಟ್ರೂ ಬೋರ್ಡಿನ ಮೇಲೆ ಬರೆದಿಲ್ಲ. ಆದರೂ ಎಂಟು ವರ್ಷದ ಮಗುವಿಗೆ ಪಟ್ಟಿ ಬಾಯಿಪಾಠ. ಎಲ್ಲಿಂದ ಬಂತು? ಮಾಸ್ಟರು ಅಪ್ಪನನ್ನ ಶಾಲೆಗೆ ಕರೆಸಿದಾಗ 'ಏನಪ್ಪಾ, ನಿನ್ನ ಮಗ ಓದಲ್ಲ' ಅಂದದ್ದನ್ನ ಮಗು ಕೇಳಿದೆ. ಅದೇ ದಿನ ಇನ್ನೊಬ್ಬ ಹುಡುಗನ ಅಪ್ಪ ಬಂದಾಗ 'ಬನ್ನಿ, ಕೂತ್ಕೊಳ್ಳಿ' ಅಂದು ಕುರ್ಚಿ ತೋರಿಸಿದ್ದನ್ನೂ ಕೇಳಿದೆ. ಹೊಲದ ಬದುವಿನಲ್ಲಿ, ಅಂಗಡಿ ಮುಂದೆ, ಬಸ್ಸಲ್ಲಿ ಕಂಡಕ್ಟರ್ ಬಾಯಲ್ಲಿ ಕೇಳಿದೆ. ನಲವತ್ತು ವರ್ಷದ ಅಪ್ಪನನ್ನ ಹದಿನೈದು ವರ್ಷದ ಹುಡುಗ 'ಬಾರೋ' ಅಂದಾಗ ಅಪ್ಪ 'ಬಂದೆ ಬುದ್ಧಿ' ಅಂದದ್ದನ್ನ ಕೇಳಿದೆ. ಇದು ಯಾವ ಕಾಲದ ಮಾತು ಅಂತ ಬೆಂಗಳೂರಿನ ಗೆಳೆಯರು ಕೇಳ್ತೀರ. ಕಡಿಮೆಯಾಗಿದೆ, ನಿಜ. ಸಂಘಟನೆಯ ಬೋರ್ಡು ನೆಟ್ಟ ಊರುಗಳಲ್ಲಿ 'ಬಾರೋ' ಅನ್ನೋಕೆ ಈಗ ಹಿಂದೆ ಮುಂದೆ ನೋಡ್ತಾರೆ. ಪೂರ್ತಿ ಹೋಗಿದೆ ಅನ್ನೋರು ಒಂದು ದಿನ ಹೊಲಕ್ಕೆ ಬನ್ನಿ.

ಹೊಲ ಅಂದೆನಲ್ಲ, ಅಲ್ಲಿನ ಲೆಕ್ಕ ಇನ್ನೊಂದು ಕಥೆ. ಕನ್ನಡದಲ್ಲಿ ವಸ್ತು ಎಣಿಸೋಕೆ ಒಂದು, ಎರಡು, ಮೂರು. ಮನುಷ್ಯರನ್ನ ಎಣಿಸೋಕೆ ಬೇರೆ ಪದಗಳಿವೆ: ಒಬ್ಬ, ಇಬ್ಬರು, ಮೂವರು, ನಾಲ್ವರು. ನಾಲ್ಕು ಅಂತಲೇ ಎಣಿಸಬೇಕಾದ್ರೆ ಮಧ್ಯೆ 'ಜನ' ಅಂತ ಸೇರಿಸ್ತೀವಿ: ನಾಲ್ಕು ಜನ ಮೇಷ್ಟ್ರು, ನಾಲ್ಕು ಜನ ಡಾಕ್ಟರು. ಮಕ್ಕಳನ್ನ ಮಾತ್ರ 'ಎರಡು ಹೆಣ್ಣು, ಒಂದು ಗಂಡು' ಅಂತೀವಿ, ಅದು ಮುದ್ದಿಗೆ. ಆದರೆ ಕೂಲಿಗೆ ಬರೋರನ್ನ? 'ನಾಳೆ ಎಂಟಾಳು ಬೇಕು. ಆರು ಹೆಣ್ಣಾಳು, ಎರಡು ಗಂಡಾಳು.' ಇಬ್ಬರು ಅಲ್ಲ, ಎರಡು. ಮೂಟೆ ಎಣಿಸಿದ ಹಾಗೆ, ನೊಗ ಎಣಿಸಿದ ಹಾಗೆ. ಬಹುವಚನ ಬರೆಸಿದರೂ ಮರಗಳು, ಕಲ್ಲುಗಳು ಅನ್ನೋ ಹಾಗೆ ಆಳುಗಳು. ಜೀತಪದ್ಧತಿಯನ್ನ ರದ್ದು ಮಾಡಿದ ಕಾಯ್ದೆ 1976ರಲ್ಲೇ ಬಂತು. ಎಣಿಸೋ ರೀತಿಯನ್ನ ರದ್ದು ಮಾಡೋ ಕಾಯ್ದೆ ಬಂದಿಲ್ಲ, ಬರೋದೂ ಇಲ್ಲ. ಅದು ಬದಲಾಗೋದಿದ್ರೆ ಕ್ಲಾಸಲ್ಲೇ ಆಗಬೇಕು. 'ಒಬ್ಬ, ಇಬ್ಬರು, ಮೂವರು' ಪಾಠ ಮಾಡುವಾಗ ಬೋರ್ಡಿನ ಮೇಲೆ 'ಇಬ್ಬರು ರಾಜರು' ಬದಲು 'ಇಬ್ಬರು ಕೂಲಿಕಾರರು' ಅಂತ ಬರೆಯೋಕೆ ಎಷ್ಟು ಚಾಕ್‌ಪೀಸು ಖರ್ಚಾಗುತ್ತೆ?

ನಾನು ಗುಮಾಸ್ತ ಅಂದೆ. ಯಾವ ಆಫೀಸು ಅನ್ನೋದು ಬೇಡ, ಕಡತ ಎಲ್ಲಾ ಕಡೆ ಒಂದೇ ಥರ. ಹಳೇ ಪಹಣಿ, ಹಳೇ ಮತದಾರರ ಪಟ್ಟಿ ತೆಗೆದು ನೋಡಿ. ನಮ್ಮವರ ಹೆಸರುಗಳ ಬಾಲವನ್ನ ಕತ್ತರಿಸಿ ಬರೆದಿರೋದು ಮತ್ತೆ ಮತ್ತೆ ಸಿಗುತ್ತೆ. ಮನೇಲಿ ಮಾದಯ್ಯ, ಮದುವೆ ಕಾಗದದಲ್ಲಿ ಮಾದಯ್ಯನವರು, ಪಹಣೀಲಿ ಮಾತ್ರ 'ಮಾದ ಬಿನ್ ಸಿದ್ದ'. ಬರೆದವನ ಮಸಿ ಮುಗಿದಿತ್ತು ಅಂತೀರಾ? ಅದೇ ಪುಟದಲ್ಲಿ ಮೇಲಿನ ಬೀದಿಯ ಹೆಸರುಗಳಿಗೆ ಅಪ್ಪ, ಗೌಡ, ಶೆಟ್ಟಿ ಎಲ್ಲಾ ಪೂರ್ತಿ ಇದೆ. ಇದೂ ಏಕವಚನವೇ, ಹೆಸರಿಗೆ ಹಾಕಿದ ಏಕವಚನ.

ಇದು ಬರೀ ಮನಸ್ಸಿಗೆ ನೋವಾಗೋ ವಿಷಯ ಅಂದ್ಕೋಬೇಡಿ, ಇದಕ್ಕೆ ದುಡ್ಡೂ ಖರ್ಚಾಗುತ್ತೆ. ಆ ಮಾದಯ್ಯ ತೀರ್ಕೊಂಡ ಮೇಲೆ ಮೊಮ್ಮಗ ಪೌತಿ ಖಾತೆಗೆ ಅಲೀತಾನೆ. ಆಧಾರಲ್ಲಿ ಮಾದಯ್ಯ, ಮರಣಪತ್ರದಲ್ಲಿ ಮಾದಯ್ಯ, ಪಹಣೀಲಿ ಮಾದ. 'ಇವರಿಬ್ಬರೂ ಒಬ್ಬರೇ ಅಂತ ಏನು ಗ್ಯಾರಂಟಿ?' ಅಂತ ಕೌಂಟರಲ್ಲಿ ಕೇಳ್ತಾರೆ. ಇಬ್ಬರೂ ಒಬ್ಬರೇ ಅಂತ ಛಾಪಾಕಾಗದದ ಮೇಲೆ ಅಫಿಡವಿಟ್, ನೋಟರಿ ಸಹಿ, ಮಹಜರು, ನಾಲ್ಕು ದಿನದ ಕೂಲಿ ಹಾಳು. ಶಾನುಭೋಗರ ಕಾಲದಲ್ಲಿ ಯಾರೋ ಬಿಟ್ಟ ಒಂದು 'ಯ್ಯ'ಕ್ಕೆ ಇವತ್ತು ದಂಡ ಕಟ್ತಿರೋರು ನಾವು. ಒಬ್ಬ ಮನುಷ್ಯ ದಾಖಲೆಯಲ್ಲಿ ಇಬ್ಬರಾದ. ವಚನದ ಪಾಠಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಇನ್ನು ನಾವು ಬಹುವಚನ ಆಗೋದು ಯಾವಾಗ? ಲೆಕ್ಕಕ್ಕೆ ಬಂದಾಗ. 'ದಲಿತರು ಈ ಕ್ಷೇತ್ರದಲ್ಲಿ ನಿರ್ಣಾಯಕರು.' 'ದಲಿತರಿಗೆ ಸೌಲಭ್ಯ ವಿತರಣೆ.' ನಾನು ಓದುವಾಗ (ಶಾಲೆ ಹೆಸರು ಬೇಡ) ಸ್ಕಾಲರ್‌ಶಿಪ್ ಫಾರಂ ಬಂದ ದಿನ 'ಎಸ್ಸಿ ಮಕ್ಳೆಲ್ಲ ಎದ್ದು ನಿಂತ್ಕೊಳ್ಳಿ' ಅಂತಿದ್ರು. ನಾವು ಬಹುವಚನದಲ್ಲಿ ಎದ್ದು ನಿಲ್ತಿದ್ವಿ. ಹೆಸರು ಹಿಡಿದು ಒಬ್ಬೊಬ್ಬರನ್ನ ಕರೆಯುವಾಗ ಮತ್ತೆ 'ಲೇ'. ಪೇಪರ್ ನೋಡಿ. ಅಧಿಕಾರಿ ತೀರ್ಕೊಂಡರೆ 'ನಿಧನರಾದರು', ಕೂಲಿ ಕಾರ್ಮಿಕ ಮಣ್ಣು ಕುಸಿದು ತೀರ್ಕೊಂಡರೆ 'ಮೃತಪಟ್ಟಿದ್ದಾನೆ'. ಸಾವಲ್ಲೂ ಒಂದಕ್ಷರ ಕಮ್ಮಿ. ಎಲ್ಲಾ ಪೇಪರೂ ಹೀಗೆ ಮಾಡುತ್ತೆ ಅಂತಲ್ಲ, ಕೆಲವು ಡೆಸ್ಕುಗಳಲ್ಲಿ ಈಗ ಎಚ್ಚರ ಬಂದಿದೆ. ಆದರೂ ನಾಳೆ ಬೆಳಿಗ್ಗೆ ಪೇಪರ್ ಬಂದಾಗ ಜಿಲ್ಲಾ ಪುಟ ತೆಗೆದು ಕ್ರಿಯಾಪದಗಳ ಮೇಲೆ ಮಾತ್ರ ಬೆರಳಿಟ್ಟು ನೋಡಿ.

ಇದಕ್ಕೆ ಕಾನೂನು ಇದೆಯಾ ಅಂತ ಕೇಳ್ತೀರ. ದೌರ್ಜನ್ಯ ತಡೆ ಕಾಯ್ದೆ 1989ರದ್ದು, 2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಸಾರ್ವಜನಿಕರ ಎದುರು ಜಾತಿ ಹೆಸರು ಹಿಡಿದು ಬೈದರೆ 3(1)(ಎಸ್), ಅವಮಾನ ಮಾಡಬೇಕೆಂದೇ ಹೀಯಾಳಿಸಿದರೆ 3(1)(ಆರ್). ಸರಿ. ಆದರೆ ಜಾತಿ ಹೆಸರನ್ನ ಎತ್ತದೆ, ನಗ್ತಾ ನಗ್ತಾ, 'ಏನ್ಲಾ ಮಾದ, ಚೆನ್ನಾಗಿದೀಯಾ' ಅಂದದ್ದಕ್ಕೆ ಯಾವ ಸೆಕ್ಷನ್ ಹಾಕ್ತೀರ? ಎಫ್‌ಐಆರ್ ಬರ್ಕೊಳ್ಳೋರೇ 'ಏನಪ್ಪಾ ನಿಂದು ಕಂಪ್ಲೇಂಟು' ಅಂತ ಶುರು ಮಾಡಿದರೆ? ಗುಂಡ್ಲುಪೇಟೆ ದಾಟಿದರೆ ಕೇರಳದ ವಯನಾಡು. ಅಲ್ಲಿನ ಹೈಕೋರ್ಟು 2021ರಲ್ಲಿ ಪೊಲೀಸರು ಜನರನ್ನ 'ಎಡಾ', 'ಎಡೀ', 'ನೀ' ಅಂತ ಕರೆಯೋ ಹಾಗಿಲ್ಲ ಅಂತ ಹೇಳಿತು. ಅದೇ ವರ್ಷ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಪಂಚಾಯ್ತಿಯವರು ನಮ್ಮ ಆಫೀಸಿಗೆ ಬರೋರು 'ಸರ್', 'ಮೇಡಂ' ಅನ್ನಬೇಕಿಲ್ಲ ಅಂತ ತೀರ್ಮಾನ ಮಾಡಿದರು. ಇಂಥ ತೀರ್ಮಾನ ನನಗೆ ಖುಷಿ. ಆದರೆ ಕೋರ್ಟು ಪೊಲೀಸರ ನಾಲಿಗೆ ಹಿಡೀಬಹುದು, ಎಂಟು ವರ್ಷದ ಮಗುವಿನ ಕಾರ್ಡು ತಿದ್ದೋಕಾಗಲ್ಲ.

ಈಗ ಒಂದು ಎದುರು ಮಾತು. ಸಂಘಟನೆಯ ಒಬ್ಬ ಗೆಳೆಯರ ಹತ್ತಿರ ಇದನ್ನ ಹೇಳಿದಾಗ, 'ಅಯ್ಯೋ, ಬಹುವಚನ ಅನ್ನೋದೇ ಊಳಿಗಮಾನ್ಯ. ಎಲ್ಲರೂ ಎಲ್ಲರಿಗೂ ನೀನು ಅಂದ್ರೆ ಆಯ್ತಲ್ಲ' ಅಂದರು. ಇದು ತಮಾಷೆ ಮಾತಲ್ಲ, ಒಂದು ದೇಶವೇ ಹಾಗೆ ಮಾಡಿದೆ. ಸ್ವೀಡನ್ನಿನಲ್ಲಿ 1967ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥ ಬ್ರೋರ್ ರೆಕ್ಸೆಡ್ ನೌಕರರ ಮುಂದೆ ನಿಂತು ಇನ್ನು ಎಲ್ಲರನ್ನೂ 'ಡೂ' ಅಂತಲೇ ಕರೀತೀನಿ ಅಂದರು. ಡೂ ಅಂದ್ರೆ ನಮ್ಮ ನೀನು. ಕೆಲವೇ ವರ್ಷದಲ್ಲಿ ದೇಶದ ರೂಢಿಯೇ ಹಾಗಾಯಿತು. ಅದಕ್ಕೂ ಹಿಂದೆ, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ದೊಡ್ಡವರು ಚಿಕ್ಕವರು ಅನ್ನದೆ ಎಲ್ಲರಿಗೂ ಏಕವಚನವನ್ನೇ ಬಳಸಿ ಏಟು ತಿಂದರು.

ಕೇಳೋಕೆ ಚೆನ್ನಾಗಿದೆ. ಆದರೆ ಸ್ವೀಡನ್ನಿನಲ್ಲಿ ಶುರು ಮಾಡಿದ್ದು ಮೇಲಿನ ಕುರ್ಚೀಲಿ ಕೂತೋರು. ನಮ್ಮೂರಲ್ಲಿ ಯಾರು ಶುರು ಮಾಡ್ತಾರೆ? ಮೇಲಿನ ಬೀದಿಯವರು ನಮಗೆ ಏಕವಚನ ಬಳಸೋದು ಹೊಸದೇನಲ್ಲ, ಅದಕ್ಕೆ ಸಮಾನತೆ ಅಂತ ಹೊಸ ಲೇಬಲ್ ಅಂಟಿಸಿದ ಹಾಗಾಗುತ್ತೆ. ನಾವು ಅವರಿಗೆ 'ನೀನು' ಅಂದ್ರೆ ಅದು ಭಾಷಾ ಸುಧಾರಣೆ ಆಗಲ್ಲ, ಗಲಾಟೆ ಆಗುತ್ತೆ, ಮಾರನೇ ದಿನ ಕೂಲಿಗೆ ಕರೆಯೋರಿಲ್ಲ. ಹಾಗಾಗಿ ನನ್ನ ನಿಲುವು ಸರಳ: ಇಳಿಸೋದು ಬೇಡ, ಏರಿಸೋಣ. ವಯಸ್ಸಿಗೆ ಬಂದ ಯಾರೇ ಆದರೂ, ಯಾವ ಕೆಲಸ ಮಾಡಿದ್ರೂ, ಪರಿಚಯ ಇಲ್ಲದ ಬಾಯಲ್ಲಿ ಅವರಿಗೆ 'ರು' ಸಿಗಬೇಕು. ಇದು ಕೊಡುಗೆ ಅಲ್ಲ, ವ್ಯಾಕರಣದ ನಿಯಮ ಅಂತಲೇ ಮಗುವಿಗೆ ಹೇಳ್ಕೊಡಬೇಕು. ಮರಕ್ಕೆ 'ಗಳು' ಬರುತ್ತೆ, ಹುಡುಗನಿಗೆ 'ರು' ಬರುತ್ತೆ, ಅಣ್ಣನಿಗೆ 'ಅಂದಿರು' ಬರುತ್ತೆ ಅನ್ನೋ ಸಾಲಿನಲ್ಲೇ, ಒಬ್ಬರೇ ಇದ್ದರೂ ದೊಡ್ಡವರಿಗೆ ಬಹುವಚನ ಬರುತ್ತೆ ಅಂತ.

ಇಲ್ಲಿ ಒಂದು ಎಚ್ಚರ ಬೇಕು. ಕೆಲವು ಟೀಚರುಗಳು ಇದನ್ನ 'ಸಂಸ್ಕಾರ' ಅಂತ ತಗೊಂಡು ನಮ್ಮ ಮಕ್ಕಳ ಮನೆ ಮಾತಿನ ಮೇಲೇ ಬೀಳ್ತಾರೆ. 'ಅವ್ವ ಬಂದ್ಳು ಅಂತೀಯಾ? ಅಮ್ಮ ಬಂದರು ಅನ್ಬೇಕು, ನಿಮ್ಮ ಮನೇಲಿ ಹೇಳ್ಕೊಟ್ಟಿಲ್ವಾ?' ಅಂತ. ಅವ್ವನಿಗೆ ಏಕವಚನ ಹಾಕೋದು ಅವಮಾನ ಅಂತ ಯಾರು ಹೇಳಿದ್ದು? ಹಳ್ಳಿಯಲ್ಲಿ ಎಲ್ಲಾ ಜಾತಿಯವರೂ ಅವ್ವನನ್ನ ನೀನು ಅಂತಾರೆ. ಮಲೆ ಮಾದಪ್ಪನ್ನ ಕಂಸಾಳೆಯವರು, ಮಂಟೇಸ್ವಾಮಿಯನ್ನ ನೀಲಗಾರರು ರಾತ್ರಿಯೆಲ್ಲಾ ನೀನು ಅಂತಲೇ ಕರೆದು ಹಾಡ್ತಾರೆ. ದೇವರಿಗೆ ಬೇಜಾರಾಗಿಲ್ಲ. ಪಂಪ ಬರೆದ, ಕೇಶಿರಾಜ ಹೇಳಿದ ಅಂತ ಪಂಡಿತರೂ ಬರೀತಾರೆ. 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜನಿಗೂ ನಮ್ಮ ತಾತನಿಗೂ ಒಂದೇ ಏಕವಚನ. ಒಬ್ಬರಿಗೆ ಅದು ಕೀರ್ತಿ, ಇನ್ನೊಬ್ಬರಿಗೆ ಗಾಯ. ವ್ಯತ್ಯಾಸ ಎಲ್ಲಿದೆ? ಅವ್ವನಿಗೆ ನೀನು ಅಂದರೆ ಅವ್ವಾನೂ ನನ್ನನ್ನ ನೀನು ಅಂತಾಳೆ. ಹೋಗಿದ್ದು ವಾಪಸ್ ಬರುತ್ತೆ. ಗೆಳೆಯರ ಮಧ್ಯೆನೂ ಹಾಗೇ. ಹೋಗಿದ್ದು ವಾಪಸ್ ಬರದೇ ಇದ್ದಾಗ, ಒಂದು ಕಡೆಯಿಂದ 'ಬಾರೋ', ಇನ್ನೊಂದು ಕಡೆಯಿಂದ 'ಬುದ್ಧಿ' ಆದಾಗ, ಅದು ಜಾತಿ. ಇಷ್ಟನ್ನ ನಾಲ್ಕನೇ ಕ್ಲಾಸಿನ ಮಗುವಿಗೆ ಹೇಳಬಹುದು, ಅರ್ಥ ಆಗುತ್ತೆ. ನಾನು ಹೇಳಿದೀನಿ.

ಸರ್ವನಾಮದ ಕಡೆಗೂ ಒಂದು ಮಾತು, ನಾನು – ನಾವು. ಇದನ್ನೂ ಲೆಕ್ಕದ ಹಾಗೆ ಕಲಿಸ್ತಾರೆ. ತಮಿಳಲ್ಲಿ 'ನಾವು' ಅನ್ನೋದಕ್ಕೆ ಎರಡು ಪದ. ಎದುರಿಗೆ ಇರೋರನ್ನೂ ಸೇರಿಸ್ಕೊಂಡು ಹೇಳಿದರೆ 'ನಾಮ್', ಅವರನ್ನ ಬಿಟ್ಟು ಹೇಳಿದರೆ 'ನಾಂಗಳ್'. ತೆಲುಗಲ್ಲಿ 'ಮನಂ', 'ಮೇಮು'. ಇವತ್ತಿನ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಹಬ್ಬದ ಪಟ್ಟಿ ಹಣ ಎತ್ತುವಾಗ 'ನಾವೆಲ್ಲ ಸೇರಿ ಮಾಡೋಣ' ಅಂತಾರೆ, ಅದರಲ್ಲಿ ನಾವೂ ಇದೀವಿ. ತೇರಿನ ಹಗ್ಗ ಹಿಡಿಯೋ ಹೊತ್ತಿಗೆ 'ಇದು ನಾವು ಹಿಂದಿನಿಂದ ಮಾಡ್ಕೊಂಡು ಬಂದಿರೋದು' ಅಂತಾರೆ, ಅದರಲ್ಲಿ ನಾವಿಲ್ಲ. ತಮಿಳಿನವರಾಗಿದ್ರೆ ಪದ ಬದಲಾಯಿಸಬೇಕಾಗಿತ್ತು, ಬಾಯಲ್ಲೇ ಸಿಕ್ಕಿಬೀಳ್ತಿದ್ರು. ಕನ್ನಡ ಅವರಿಗೆ ಬಚ್ಚಿಟ್ಟುಕೊಳ್ಳೋಕೆ ಜಾಗ ಕೊಟ್ಟಿದೆ. 2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸ್ತಿದಾರೆ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಸಮಿತಿ ರೂಪಿಸಿದ ಆ ಸಂವಿಧಾನ ನಿಂತಿರೋದೇ ಯಾರನ್ನೂ ಬಿಡದ ಒಂದು 'ನಾವು' ಮೇಲೆ. ಬೆಳಿಗ್ಗೆ ಅದನ್ನ ಓದಿಸಿ, ಮೂರನೇ ಪೀರಿಯಡ್ಡಿನಲ್ಲಿ 'ನಾನು – ನಾವು' ಗೆರೆ ಎಳೆಸುವಾಗ ಎರಡನ್ನೂ 'ಇದೇ ಆ ನಾವು' ಅಂತ ಜೋಡಿಸೋ ಮೇಷ್ಟ್ರು ಇದ್ದರೆ ಅವರಿಗೆ ನನ್ನ ಕಡೆಯಿಂದ ಒಂದು ಜೈ ಭೀಮ್.

ಮೇಷ್ಟ್ರುಗಳನ್ನ ಬೈಯೋಕೆ ಈ ಪೋಸ್ಟು ಬರೀತಿಲ್ಲ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ. ಆಗ ಚಾಮರಾಜನಗರ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ, ಎಲ್ಲಾ ಒಂದೇ ಮೈಸೂರು ಜಿಲ್ಲೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡು ಬರೆದು, ಮಕ್ಕಳನ್ನ ನೆಲದ ಮೇಲೆ ಗುಂಪಾಗಿ ಕೂರಿಸಿ, ಹಾಡಿ ಆಡಿ ಕಲಿಸೋ ಪದ್ಧತಿ ಕಟ್ಟಿದರು, ಆಮೇಲೆ ರಾಜ್ಯ ಪೂರ್ತಿ ಹರಡಿತು. ಒಂದೇ ವೃತ್ತದಲ್ಲಿ ಎಲ್ಲಾ ಬೀದಿಯ ಮಕ್ಕಳು ಮೊಣಕಾಲು ತಾಗಿಸಿ ಕೂರೋದು ಸಣ್ಣ ವಿಷಯವಲ್ಲ. ಅಷ್ಟು ಮಾಡಿದ ಮೇಷ್ಟ್ರುಗಳಿಗೆ ಇನ್ನೂ ನಾಲ್ಕು ಕಾರ್ಡು ಬರೆಯೋದು ಕಷ್ಟವಾಗದು. ಮೊದಲ ಕಾರ್ಡು ಅಡುಗೆಯವರದ್ದೇ ಆಗಲಿ.

ಅಡುಗೆಯವರು ಯಾಕೆ ಅಂದ್ರೆ, 2025ರ ಜೂನ್‌ನಲ್ಲಿ ನಮ್ಮ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆ ರಾಜ್ಯದ ಸುದ್ದಿಯಾಯಿತು. ದಲಿತ ಮಹಿಳೆಯೊಬ್ಬರು ಮುಖ್ಯ ಅಡುಗೆಯವರಾದರು ಅಂತ ಪೋಷಕರು ಮಕ್ಕಳನ್ನ ಬಿಡಿಸಿ ಬೇರೆ ಶಾಲೆಗೆ ಸೇರಿಸಿದ್ದಾರೆ ಎಂದು ಪತ್ರಿಕೆಗಳು ಬರೆದವು. ಅಧಿಕಾರಿಗಳು ಬಂದರು, ಸಭೆ ಆಯಿತು. ಕಾರಣ ಜಾತಿಯಲ್ಲ, ಪಾಠ ಸರಿಯಿಲ್ಲ ಅನ್ನೋ ವಾದವೂ ಬಂತು. ಆ ವಾದವನ್ನ ಇಲ್ಲಿ ಬಿಡಿಸೋಕೆ ಹೋಗಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ಇಲಾಖೆಯ ಕಾಗದದಲ್ಲಿರೋ ಹುದ್ದೆಯ ಹೆಸರು: 'ಮುಖ್ಯ ಅಡುಗೆಯವರು'. ಸರ್ಕಾರ ಆ ತಾಯಿಗೆ ಹುದ್ದೆಯ ಹೆಸರಲ್ಲೇ ಬಹುವಚನ ಕೊಟ್ಟುಬಿಟ್ಟಿದೆ. ಹಾಗಿದ್ದೂ ಎಷ್ಟೋ ಶಾಲೆಯ ವರಾಂಡದಲ್ಲಿ ಕೇಳಿಸೋದು 'ಲೇ, ಸಾರು ತಗಂಬಾ' ಅಂತ. ದಿನಾ ಮಧ್ಯಾಹ್ನ ಇಡೀ ಶಾಲೆಯ ಮಕ್ಕಳು ಕೇಳಿಸ್ಕೊಳ್ಳೋ ಬಹುವಚನದ ಪಾಠ ಇದು. ಆ ತಾಯಿಯ ಮಗಳೂ ಅದೇ ಸಾಲಲ್ಲಿ ತಟ್ಟೆ ಹಿಡಿದು ಕೂತಿರಬಹುದು.

ಭಾನುವಾರದ ಪಾಠ ಮಾಡ್ತಿರೋ ಗೆಳೆಯರು ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ಕಡೆ ಇದೀರ. ಕಾರ್ಡು ಬೇಕಾದವರು ಮೆಸೇಜ್ ಮಾಡಿ, ಜೆರಾಕ್ಸ್ ತೆಗೆಸಿ ಬಸ್ಸಲ್ಲಿ ಕಳಿಸ್ತೀನಿ. ಡಾಕ್ಟರ್ ಕಾರ್ಡನ್ನ ಕೂಲಿ ಕಾರ್ಡಿನ ಪಕ್ಕದಲ್ಲೇ ಇಡಿ, ಮೊದಲು ನೀವೇನೂ ಹೇಳಬೇಡಿ, ಐಕ್ಳು ಬರೆಯಲಿ. ಆಮೇಲೆ ಕೇಳಿ.

ನಮ್ಮ ಜಗಲಿಯ ಐಕ್ಳಿಗೆ ಈ ವಾರ ಹೋಂವರ್ಕ್ ಕೊಟ್ಟಿದೀನಿ. ನೋಟ್ಸಿನಲ್ಲಿ ಎರಡು ಕಾಲಂ, ಒಂದು 'ಬಾ', ಇನ್ನೊಂದು 'ಬನ್ನಿ'. ಅಂಗಡಿ, ಹಾಲಿನ ಡೇರಿ, ಬಸ್ ಸ್ಟಾಂಡು, ಹೊಲ, ಎಲ್ಲಿ ಯಾರು ಯಾರಿಗೆ ಯಾವುದನ್ನ ಅಂದರು ಅಂತ ಒಂದೊಂದು ಗೀಟು ಹಾಕ್ಕೊಂಡು ಬರಬೇಕು. ಒಬ್ಬಳು ಆಗಲೇ ಕೇಳಿದಳು, 'ಮನೇಲಿ ಅಪ್ಪ ಅವ್ವನ್ನ ಕರೆಯೋದನ್ನೂ ಎಣಿಸ್ಬೇಕಾ ಸಾ?'

ಅದನ್ನೂ ಎಣಿಸು ಅಂದಿದೀನಿ.